ಬಲಗಡೆಯ ಬಾಗಿಲು

ಬಲಗಡೆಯ ಬಾಗಿಲೊಂದನ್ನು ಬಿಟ್ಟು ಬೇರೆ ಏನನ್ನು ಬೇಕಾದರೂ ಕತ್ತರಿಸಬಹುದು ಎನ್ನುವುದು ಅಪ್ಪ ಮಗಳ ನಡುವೆ ಆಗಿದ್ದ ಮಾತು.

ಅಮ್ಮ ಆರ್ಡಿತ್ ತೀರಿಕೊಂಡ ಮರುವರ್ಷ ಅದು. ಪೀಚ್ ತೋಟದ ಹಿಂದಿನ ತಗಡಿನ ಕೊಟ್ಟಿಗೆಯಲ್ಲಿ ಕೋಳಿಗಳಿಗೆ ಮನೆಯಾಗಿ ಹೋಗಿದ್ದ ಹಳೇ ಫೋರ್ಡ್ ಪಿಕಪ್ಪನ್ನು ಅಪ್ಪ ವರ್ಲಿನ್ ಸ್ಟ್ರೌಡ್ ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದ. ಗ್ಯಾರೇಜಿನ ಮುಂದೆ ನಿಲ್ಲಿಸಿ, ಟೋಪಿ ತೆಗೆದು ಹಣೆ ಒರೆಸಿಕೊಂಡು, ಮಗಳ ಮುಖ ನೋಡದೆ ಕೇಳಿದ: "ಏನಂತೀಯೆ ನೇವಾ, ಹಾಟ್‌ರಾಡ್ ಮಾಡೋಣ್ವಾ ಇದನ್ನ?" ಹಳೇ ಗಾಡಿಯ ಚಾವಣಿ ತಗ್ಗಿಸಿ, ಮೈ ಕತ್ತರಿಸಿ ಹೊಸದಾಗಿ ಕಟ್ಟಿ, ಜೋರಾದ ಇಂಜಿನ್ ಕೂರಿಸಿ ಓಡಿಸುವುದು ಆ ಕಡೆಯವರ ಹುಚ್ಚು.

ನೇವಾ ಆಗಷ್ಟೇ ಕಾಲೇಜು ಮುಗಿಸಿ ಮನೆಗೆ ಬಂದು ಊರಿನ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದ್ದಳು. ಬಾಯಿ ಮುಚ್ಚಿಕೊಂಡಿರುವುದಕ್ಕೆ ಸಂಬಳ ಕೊಡುವ ಜಾಗ ಅದೊಂದೇ ಎಂದು ಅಪ್ಪ ಹಾಸ್ಯ ಮಾಡುತ್ತಿದ್ದ. ಮಾತಾಡದಿರುವುದರಲ್ಲಿ ಅವನೇನು ಕಡಿಮೆಯೇ! ಮನೆಯ ಮಾತನ್ನೆಲ್ಲ ಆಡುತ್ತಿದ್ದವಳು ಆರ್ಡಿತ್. ಅವಳು ಹೋದ ಮೇಲೆ ಇಬ್ಬರೂ ಅಡುಗೆಮನೆಯ ಮೇಜಿನ ಎರಡು ತುದಿಗೆ ಕೂತು, ಬಸ್ಸಿಗೆ ಕಾಯುವ ಗುರುತಿಲ್ಲದವರ ಹಾಗೆ ಊಟ ಮುಗಿಸಿ ಏಳುತ್ತಿದ್ದರು. ಈಗ ಅಪ್ಪ ಏನೋ ಒಂದು ಕೇಳಿದ್ದ. ಅದೇ ದೊಡ್ಡದು.

ಅವಳು ಗಾಡಿಯ ಸುತ್ತ ಒಂದು ಸುತ್ತು ಬಂದಳು. ಕೋಳಿ ಹಿಕ್ಕೆ, ಇಲಿಗೂಡು, ತುಕ್ಕು. ಬಲಗಡೆಯ ಬಾಗಿಲ ಮುಂದೆ ಬಂದಾಗ ನಿಂತುಬಿಟ್ಟಳು. ಬಾಗಿಲಿನ ಹೊಟ್ಟೆಯ ಮೇಲೆ, ಬಿಸಿಲಿಗೆ ಬಿಳಿಚಿದ ಹಸಿರು ಅಕ್ಷರಗಳಲ್ಲಿ, "ಆರ್ಡಿತ್ಸ್ ಪೀಚಸ್" ಎಂದಿತ್ತು. ಅಮ್ಮ ರಸ್ತೆಬದಿಯಲ್ಲಿ ಹಣ್ಣಿನ ಅಂಗಡಿ ಇಟ್ಟ ಬೇಸಿಗೆಯಲ್ಲಿ ಕುಂಚ ಹಿಡಿದು ತಾನೇ ಬರೆದದ್ದು. ಆಗ ನೇವಾ ಇನ್ನೂ ಶಾಲೆಗೆ ಸೇರಿರಲಿಲ್ಲ. ಕೊನೆಯ ಅಕ್ಷರದ ಬಾಲ ಹಸಿಯಾಗಿ ಮಿನುಗುತ್ತಿತ್ತು. ತಡೆಯಲಾರದೆ ಅದರ ಮೇಲೆ ಹೆಬ್ಬೆರಳು ಒತ್ತಿದ್ದಳು. ಬೈಗುಳ ಬೀಳುತ್ತದೆಂದು ಕಣ್ಣು ಮುಚ್ಚಿಕೊಂಡರೆ ಅಮ್ಮ ಬಗ್ಗಿ ನೋಡಿ, "ಇರ್ಲಿ ಬಿಡು. ಹೆಸರು ನಂದು, ರುಜು ನಿಂದು," ಎಂದು ಅದನ್ನು ಹಾಗೇ ಬಿಟ್ಟು ಕುಂಚ ತೊಳೆಯಲು ಹೋಗಿದ್ದಳು. ಆ ಹೆಬ್ಬೆಟ್ಟು ಈಗಲೂ ಹಾಗೇ ಇತ್ತು, ಒಂದು ಬಟಾಣಿಯಷ್ಟು, ಸುಳಿಗೆರೆಗಳ ಸಮೇತ.

"ಸೂರು ಇಳಿಸು, ಮೂತಿ ಕತ್ತರಿಸು, ಏನ್ ಬೇಕಾದ್ರೂ ಮಾಡು," ಎಂದಳು ನೇವಾ. "ಈ ಬಾಗಿಲಿಗೆ ಮಾತ್ರ ಕೈ ಹಾಕ್ಬಾರ್ದು."

"ಹಾಕಲ್ಲ."

"ಆಣೆ?"

"ಏ, ಹಾಕಲ್ಲ ಅಂದ್ಮೇಲೆ ಹಾಕಲ್ಲ ಕಣೆ."

ಅಲ್ಲಿಂದ ವಾರದ ಕೊನೆಗಳೆಲ್ಲ ಗ್ಯಾರೇಜಿನಲ್ಲೇ ಕಳೆದವು. ಮನೆಯೊಳಗೆ ಹುಟ್ಟದ ಮಾತು ಅಲ್ಲಿ ಹುಟ್ಟುತ್ತಿತ್ತು. "ಆ ಸ್ಪ್ಯಾನರ್ ಕೊಡು", "ಹಿಡ್ಕೊ", "ಬಿಡು", "ಕಾಲು ಜೋಪಾನ". ಹೊರಗಿನವರಿಗೆ ಅದು ಮಾತೇ ಅನಿಸದಿರಬಹುದು. ನೇವಾಳಿಗೆ ಮಾತ್ರ ಅಪ್ಪ ತನ್ನ ಜೊತೆ ಇಷ್ಟೊಂದು ಮಾತಾಡಿದ್ದು ನೆನಪಿರಲಿಲ್ಲ. ನೆಗ್ಗು ತೆಗೆದ ತಗಡು ನೆಟ್ಟಗಾಗಿದೆಯೋ ಇಲ್ಲವೋ ನೋಡಲು ಅವಳು ಬಗ್ಗಿ ಕಣ್ಣು ಕಿರಿದು ಮಾಡಿದರೆ ಅವನು ಭುಜ ತಟ್ಟುತ್ತಿದ್ದ.

"ಕಣ್ಣಲ್ಲಿ ನೋಡಿದ್ರೆ ಏನ್ ಗೊತ್ತಾಗುತ್ತೆ? ಕಣ್ಣು ಮುಚ್ಚು. ಅಂಗೈ ಇಡು. ಒತ್ಬೇಡ, ಬೆಕ್ಕು ಸವರೋ ಹಾಗೆ ಸವರು. ಹಾಂ, ಈಗ ಹೇಳು."

"ಇಲ್ಲಿ... ಇಲ್ಲೊಂಚೂರು ಗುಂಡಿ."

"ನೋಡ್ದ್ಯಾ! ಅಂಗೈಗೆ ಮೋಸ ಮಾಡೋಕಾಗಲ್ಲ."

ಅವನ ಇನ್ನೊಂದು ಕಟ್ಟಳೆ ಬರಿ ತಗಡಿನದು. ಉಪ್ಪುಕಾಗದದಲ್ಲಿ ಬಣ್ಣ ಉಜ್ಜಿ ತೆಗೆದ ತಗಡನ್ನು ಬರಿಗೈಯಲ್ಲಿ ಮುಟ್ಟಬಾರದು. ಬೆವರು ಕೂತಲ್ಲೇ ತುಕ್ಕು ಏಳುತ್ತದೆ. ಅದೇ ದಿನ ಪ್ರೈಮರ್ ಹೊಡೆದು ಮುಚ್ಚಬೇಕು. "ಬರಿ ತಗಡು ಬಿಟ್ಟು ಊಟಕ್ಕೆ ಹೋಗೋನು ಕಸಬುದಾರ ಅಲ್ಲ, ಕಟುಕ," ಎನ್ನುತ್ತಿದ್ದ. ಚಳಿಗಾಲದಲ್ಲಿ ಈ ಕಣಿವೆಯ ಮಂಜು ಎಂಥದ್ದೆಂದು ಅಲ್ಲಿ ಹುಟ್ಟಿದವರಿಗೆ ಹೇಳಬೇಕಾಗಿಲ್ಲ.

ವಾರಕ್ಕೊಮ್ಮೆ ಗಿಲ್ ಮಶಾದೋ ಬಂದು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಅಂಗಡಿಯ ಫಲಕ ಬರೆಯುವುದು, ಗಾಡಿಗಳ ಮೈಮೇಲೆ ಕೂದಲೆಳೆಯ ಗೆರೆ ಎಳೆಯುವುದು ಅವನ ಕಸುಬು. ಆರ್ಡಿತ್‌ಗೆ ಕುಂಚ ಹಿಡಿಯಲು ಕಲಿಸಿದವನೂ ಅವನೇ. ಕೈಗೆ ಕೆಲಸ ಹಚ್ಚದೆ ಬಾಯಿಗೆ ಮಾತ್ರ ಹಚ್ಚುತ್ತಿದ್ದ.

"ಏನ್ ಮೇಸ್ತ್ರಮ್ಮ, ನಿಮ್ಮಪ್ಪ ಸಾಯೋದ್ರೊಳಗೆ ಓಡುತ್ತಾ ಇದು?"

"ನೀವು ಸಾಯೋದ್ರೊಳಗೆ ಓಡುತ್ತೆ ಗಿಲ್ ಮಾಮ," ಎಂದು ನೇವಾ ಗಾಡಿಯ ಅಡಿಯಿಂದ ಹೇಳಿದರೆ, "ಅಯ್ಯೋ, ಈ ಹುಡುಗಿಗೂ ನಾಲಿಗೆ ಇದೆ ಕಣೋ ವರ್ಲಿನ್!" ಎಂದು ಅವನು ತೊಡೆ ಬಡಿದುಕೊಂಡು ನಗುತ್ತಿದ್ದ.

ಮುಂದಿನ ವಸಂತದಲ್ಲಿ ಎಲ್ಲ ನಿಂತುಹೋಯಿತು. ಗಾಡಿಯ ಜೊತೆ ಬಂದಿದ್ದ ಹಳೇ ಎಂಟು ಸಿಲಿಂಡರಿನ ಇಂಜಿನ್ನನ್ನು ಬಿಚ್ಚಿ ತೊಳೆದು ನೋಡಿದರೆ ಬ್ಲಾಕಿನ, ಅಂದರೆ ಅದರ ಎರಕದ ಒಡಲಿನ, ಎರಡೂ ಕಡೆ ಬಿರುಕು. ಆ ಜಾತಿಯ ಇಂಜಿನ್ನಿನ ಹುಟ್ಟುರೋಗ ಅದು. ಹೊಸ ಕಾಲದ ಇಂಜಿನ್ ತಂದು ಕೂರಿಸಬಹುದಿತ್ತು. ವರ್ಲಿನ್ ಒಪ್ಪಲಿಲ್ಲ. "ಅಜ್ಜನ ಕೋಟು ಹಾಕ್ಕೊಂಡು ಒಳಗೆ ಈಜುಚಡ್ಡಿ ಹಾಕಿದ ಹಾಗಾಗುತ್ತೆ," ಎಂದ. ಒಳ್ಳೆಯ ಬ್ಲಾಕು ಎಲ್ಲೂ ಸಿಗಲಿಲ್ಲ. ಅವನು ಮತ್ತೆ ಮೇಜಿನ ತುದಿಗೆ ಕೂತು ಮಾತಿಲ್ಲದೆ ಉಣ್ಣತೊಡಗಿದ. ನೇವಾಳಿಗೆ ಹೆದರಿಕೆಯಾಯಿತು.

ಹಾಗಿರುವಾಗ ಆರೆಗನ್‌ನಲ್ಲಿದ್ದ ಚಿಕ್ಕಮ್ಮ ಸೊಂಟ ಮುರಿದುಕೊಂಡಳೆಂದು ನೇವಾ ರಜೆ ಹಾಕಿ ಹೋಗಬೇಕಾಯಿತು. ಸೂರು ಇಳಿಸುವ ಕೆಲಸಕ್ಕೆಂದು ಬಾಗಿಲುಗಳನ್ನು ಮೊದಲೇ ಬಿಚ್ಚಿಟ್ಟಿತ್ತು. ಸೂರು ನಾಲ್ಕು ಬೆರಳು ಕೆಳಗಿಳಿದರೆ ಬಾಗಿಲಿನ ಕಿಟಕಿಪಟ್ಟಿಯೂ ಅಷ್ಟು ಇಳಿಯಬೇಕು. ಅಷ್ಟಕ್ಕೆ ಮಾತ್ರ ಒಪ್ಪಿ, ಬಲಗಡೆಯದನ್ನು ನೇವಾ ಕಂಬಳಿ ಸುತ್ತಿ ಗೋಡೆಗೆ ಒರಗಿಸಿದ್ದಳು.

"ಕಿಟಕಿಪಟ್ಟಿ ಮಾತ್ರ, ಅಪ್ಪ. ಅಕ್ಷರದ ಹತ್ರ ಬೆಂಕಿ ತರ್ಬೇಡ."

"ಹೋಗ್ಬಾರೆ, ನನಗೆ ಗೊತ್ತು."

ಅವಳು ವಾಪಸ್ ಬಂದಾಗ ಗ್ಯಾರೇಜಿನ ನಡುವೆ ಒಂದು ಇಂಜಿನ್ ನಿಂತಿತ್ತು. ಬಿರುಕಿಲ್ಲದ ಬ್ಲಾಕು, ಮೇಲೆ ಅಲ್ಯುಮಿನಿಯಂ ತಲೆಗಳು, ಸಾಲಾಗಿ ಮೂರು ಕಾರ್ಬ್ಯುರೇಟರು. ಇಪ್ಪತ್ತು ವರ್ಷ ಚಿಕ್ಕವನಾದಂತೆ ಕಾಣುತ್ತಿದ್ದ ಅಪ್ಪ ಅದರ ಪಕ್ಕ ಮದುಮಗನ ಹಾಗೆ ನಿಂತಿದ್ದ.

"ಎಲ್ಲಿ ಸಿಕ್ತು?"

"ಪೋರ್ಟರ್‌ವಿಲ್ ಕಡೆ, ಯಾರದೋ ಕೊಟ್ಟಿಗೇಲಿ. ಒಂದು ಹಳೇ ಸಾಮಾನು ಕೊಟ್ಟು ತಗೊಂಡೆ."

ಯಾವ ಸಾಮಾನು ಎಂದು ನೇವಾ ಕೇಳಲಿಲ್ಲ. ಆ ಗ್ಯಾರೇಜಿನಲ್ಲಿ ಹಳೇ ಸಾಮಾನಿಗೆ ಬರವೇ? ಬಾಗಿಲುಗಳು ಆಗಲೇ ಗಾಡಿಗೆ ಏರಿದ್ದವು. ಬಲಗಡೆಯದರ ಹೊಟ್ಟೆಗೆ ಕಂದು ಕಾಗದ ಅಂಟಿಸಿತ್ತು.

"ಅಕ್ಷರ ಉದುರ್ತಾ ಇತ್ತು ಕಣೆ. ಅದಕ್ಕೇ ಮೇಲೊಂದು ತಿಳಿ ವಾರ್ನಿಷ್ ಹೊಡ್ದಿದೀನಿ. ಚೆನ್ನಾಗಿ ಒಣಗೋವರೆಗೂ ಕಾಗದ ತೆಗೀಬೇಡ. ಇಂಜಿನ್ ಹೊತ್ತಿಸೋ ದಿನ ನೀನೇ ತೆಗೀವಂತೆ."

ಅಷ್ಟು ಮಾಡಿದ್ದೇ ನೇವಾಳಿಗೆ ಇಷ್ಟವಾಗಲಿಲ್ಲ. ಆದರೆ ಅಪ್ಪ ಅಕ್ಷರ ಉದುರುವುದನ್ನು ಗಮನಿಸಿದ್ದನಲ್ಲ, ಉಳಿಸಬೇಕೆಂದು ಅವನಿಗೂ ಅನಿಸಿತ್ತಲ್ಲ ಎಂದುಕೊಂಡಳು. ಆ ಸಂಜೆ ಅವನಿಗಿಷ್ಟವಾದ ಬೀನ್ಸು, ಜೋಳದ ರೊಟ್ಟಿ ತಾನೇ ಮಾಡಿ ಬಡಿಸಿದಳು. ಬೇಸಿಗೆಯುದ್ದಕ್ಕೂ ಆ ಕಾಗದದ ಪಕ್ಕದಲ್ಲೇ ಕೆಲಸ ಮಾಡಿದಳು. ಒಮ್ಮೆಯೂ ಅಂಚು ಎತ್ತಿ ನೋಡಲಿಲ್ಲ.

ಇಂಜಿನ್ ಹೊತ್ತಿಸುವ ದಿನ ಬಂದಾಗ ಸುತ್ತಲಿನ ದ್ರಾಕ್ಷಿ ತೋಟಗಳ ಎಲೆಗಳೆಲ್ಲ ಹಳದಿಯಾಗಿದ್ದವು. ಮಾರನೆಯ ದಿನವೇ ಜಿಲ್ಲೆಯ ಮೈದಾನದಲ್ಲಿ ಹಾಟ್‌ರಾಡ್‌ಗಳ ಮೇಳ. ಸುತ್ತಲಿನ ಗಾಡಿಹುಚ್ಚಿನವರೆಲ್ಲ ಮಡಿಚುವ ಕುರ್ಚಿ ಹಿಡಿದುಕೊಂಡು ಮಧ್ಯಾಹ್ನಕ್ಕೇ ಬಂದರು. ಹಾಗೆ ಬರುವುದು ಪದ್ಧತಿ. ಮೊದಲ ಸದ್ದಿಗೆ ಸಾಕ್ಷಿ ಬೇಕು. ಗಿಲ್ ತನ್ನ ಪೋರ್ಚುಗೀಸ್ ಸಾಸೇಜುಗಳನ್ನು ಕೆಂಡದ ಮೇಲೆ ಹೊರಳಿಸುತ್ತ ಎಲ್ಲರಿಗೂ ಬಿಯರ್ ಹಂಚುತ್ತಿದ್ದ. ಕಟ್ಟಿದವರಲ್ಲಿ ಒಬ್ಬರು ಓಡಿಸಬೇಕು, ಇನ್ನೊಬ್ಬರು ಪಕ್ಕದಲ್ಲಿ ಕೂರಬೇಕು. ಆಮೇಲೆಯೇ ಬೇರೆಯವರ ಸರದಿ.

"ಕಾಗದ ತೆಗಿಯಮ್ಮ," ಎಂದು ಯಾರೋ ಕೂಗಿದರು.

ನೇವಾ ಒಂದು ಮೂಲೆಯಿಂದ ಮೆಲ್ಲಗೆ ಸುಲಿದಳು. ಹಸಿರು ಅಕ್ಷರಗಳು ಹೊರಬಂದವು. ಮಾಸಿದ್ದವು, ಅಲ್ಲಲ್ಲಿ ಸವೆದಿದ್ದವು, ಅಂಚಿನಲ್ಲಿ ತುಕ್ಕಿನ ಕಲೆ. ಜನ ಶಿಳ್ಳೆ ಹಾಕಿದರು. "ನೋಡ್ರಪ್ಪಾ, ಇದು ಅಸಲಿ! ಈಗ ಕೆಲವರು ಹೊಸ ಬಣ್ಣ ಹೊಡ್ದು ಉಕ್ಕಿನ ನಾರಲ್ಲಿ ತಿಕ್ಕಿ ಹಳೇದು ಅಂತಾರೆ," ಎಂದ ಒಬ್ಬ ಮುದುಕ. ಗಿಲ್ ತಲೆ ತಗ್ಗಿಸಿಕೊಂಡು ಸಾಸೇಜು ಹೊರಳಿಸುತ್ತಿದ್ದ. ಬೇರೆ ದಿನವಾಗಿದ್ದರೆ ಆ ಮಾತಿಗೆ ಹತ್ತು ಮಾತು ಸೇರಿಸುತ್ತಿದ್ದ.

ನೇವಾಳ ಕಣ್ಣು ತಾನಾಗಿ ಕೊನೆಯ ಅಕ್ಷರದ ಬಾಲಕ್ಕೆ ಹೋಯಿತು. ವಾರ್ನಿಷ್ಷಿನ ಹೊಳಪಿನಲ್ಲಿ ಸರಿಯಾಗಿ ಕಾಣುತ್ತಿಲ್ಲ ಎಂದುಕೊಂಡಳು. ಕಣ್ಣು ಮುಚ್ಚಿದಳು. ಅಂಗೈ ಇಟ್ಟಳು, ಬೆಕ್ಕು ಸವರುವ ಹಾಗೆ. ಅಮ್ಮ ಬಣ್ಣವನ್ನು ದಪ್ಪ ಹಾಕುತ್ತಿದ್ದಳು. ಅಕ್ಷರದ ಅಂಚು ಬೆರಳಿಗೆ ಏರಿಯ ಹಾಗೆ ಸಿಗುತ್ತಿತ್ತು. ಏರಿ ಇರಲಿಲ್ಲ. ಹೆಬ್ಬೆರಳಿನ ಗುಂಡಿ ಇರಲಿಲ್ಲ. ಇನ್ನೊಂಚೂರು ಕೆಳಗೆ ಸವರಿದಳು. ಅಂಗಡಿಯ ಮೊದಲ ವರ್ಷವೇ ಯಾರೋ ಬುಟ್ಟಿ ತಾಗಿಸಿ ಮಾಡಿದ ನೆಗ್ಗೊಂದು ಅಲ್ಲಿತ್ತು, ಈ ಬಾಗಿಲಿಗೆ ಕೈ ಹಾಕುವಂತಿಲ್ಲವೆಂದು ಅದನ್ನೂ ಹಾಗೇ ಬಿಟ್ಟಿದ್ದರು. ಅದೂ ಇರಲಿಲ್ಲ. ಅಂಗೈ ಕೆಳಗೆ ತಗಡು ಕನ್ನಡಿಯಂತೆ ಸಪಾಟಾಗಿತ್ತು.

ಇದು ಆ ಬಾಗಿಲೇ ಅಲ್ಲ.

ಕಣ್ಣು ತೆರೆದಾಗ ಅಪ್ಪ ಅವಳ ಕೈಯನ್ನೇ ನೋಡುತ್ತಿದ್ದ. ತಕ್ಷಣ ಟೋಪಿ ಸರಿಮಾಡಿಕೊಂಡು, "ಹತ್ತು ಹತ್ತು, ಹೊತ್ತಿಸೋಣ," ಎಂದು ಆ ಕಡೆಯಿಂದ ಏರಿ ಕೂತ.

ಅಷ್ಟು ಜನರೆದುರು ಬಾಯಿ ತೆರೆಯುವುದು ನೇವಾಳಿಂದ ಆಗದ ಕೆಲಸ. ಆ ಬಾಗಿಲನ್ನೇ ತೆರೆದು ಒಳಗೆ ಕೂತಳು. ಇಂಜಿನ್ ಒಮ್ಮೆ ಕೆಮ್ಮಿ, ಗುಡುಗಿ, ಆಮೇಲೆ ತುಂಬು ಎದೆಯಲ್ಲಿ ಗುರುಗುಟ್ಟತೊಡಗಿತು. ಇದಕ್ಕಾಗಿ ಎಷ್ಟು ಕಾದಿದ್ದರು! ಹೊರಗೆ ಜನ ಕುಣಿದರು. ಗಾಡಿ ತೋಟದ ಕಾಲುದಾರಿ ದಾಟಿ ಡಾಂಬರು ರಸ್ತೆಗೆ ಬಂದಿತು.

"ಕೇಳಿದ್ಯಾ ಸದ್ದು?" ಎಂದ ಅಪ್ಪ. ಮುಖ ತುಂಬ ನಗು.

"ಬಾಗಿಲು ಎಲ್ಲಿ?"

"ಯಾವ್ ಬಾಗ್ಲು?"

"ಅಪ್ಪ."

ಅವನು ವೇಗ ತಗ್ಗಿಸಿದ.

"ಕೆಳಗೆಲ್ಲ ಕೊಳೆತುಹೋಗಿತ್ತು ನೇವಾ. ಉಜ್ಜಿದ್ರೆ ಕೈಗೇ ಬರೋ ಹಾಗಿತ್ತು..."

"ಇರ್ಲಿಲ್ಲ. ಅದರ ಕೆಳಗಿನ ಪಟ್ಟಿ ತೊಳೆದು ಎಣ್ಣೆ ಹಚ್ಚಿದ್ದು ನಾನೇ."

ಅವನು ಗೇರು ಬದಲಿಸಿದ. ಬದಲಿಸುವ ಅಗತ್ಯ ಇರಲಿಲ್ಲ.

"ಹೆದ್ದಾರೀಲಿ ಬರ್ನಿಸ್ ಊಟದ ಮನೆ ಇದೆಯಲ್ಲ. ಅವಳು ಇಂಥ ಹಳೇ ಬಾಗಿಲುಗಳನ್ನ ಗೋಡೆಗೆ ಹಾಕ್ತಾಳೆ. ಈ ಇಂಜಿನ್ ಅವಳ ಗಂಡಂದು. ಸತ್ತೋದ ಅವನು. ಮಾರಲ್ಲ ಅಂದ್ಳು. ಅಕ್ಷರ ಬರೆದ ಬಾಗಿಲು ಇದ್ರೆ ಕೊಡು ಅಂದ್ಳು... ನಾನೇನು ಕುಡಿಯೋಕೆ ಕೊಟ್ನಾ? ಈ ಗಾಡಿಗೇ ತಾನೇ ಕೊಟ್ಟಿದ್ದು. ಓಡ್ಲಿ ಅಂತ ನೀನೂ ಬಯಸ್ತಿದ್ದೆ."

"ಮತ್ತೆ ಇದು?"

"ಜಂಕ್‌ಯಾರ್ಡಿಂದ ತಂದ ಬಾಗಿಲು. ಗಿಲ್ ಬರ್ದ. ಫೋಟೋ ನೋಡ್ಕೊಂಡು ಒಂದು ಕೂದಲೂ ಆಚೀಚೆ ಆಗದ ಹಾಗೆ ಬರ್ದ. ನಿಮ್ಮಮ್ಮನಿಗೆ ಕಲಿಸಿದ ಕೈ ತಾನೇ ಅದು? ಅದೇ ಅಕ್ಷರ, ಅದೇ ಹಸಿರು. ಯಾರಿಗೂ ಗೊತ್ತಾಗಲ್ಲ."

"ನನಗೆ ಗೊತ್ತಾಯ್ತಲ್ಲ. ನನ್ನ ಹೆಬ್ಬೆಟ್ಟು ಇಲ್ಲ ಅದರಲ್ಲಿ."

ಅಪ್ಪ ನಿಜವಾಗಿಯೂ ಅರ್ಥವಾಗದೆ ಅವಳ ಕಡೆ ತಿರುಗಿದ. "ಯಾವ ಹೆಬ್ಬೆಟ್ಟು?"

ಬಾಗಿಲು ಕೊಟ್ಟದ್ದಕ್ಕಿಂತ, ಕಾಗದ ಅಂಟಿಸಿ ಬೇಸಿಗೆಯುದ್ದಕ್ಕೂ ಸುಮ್ಮನಿದ್ದದ್ದಕ್ಕಿಂತ, ಈ ಎರಡು ಮಾತು ಅವಳೊಳಗೆ ಆಳವಾಗಿ ಹೋದವು. ಅವನಿಗೆ ಗೊತ್ತೇ ಇರಲಿಲ್ಲ. ಆ ಬಾಗಿಲ ಮುಂದೆ ಆಣೆ ಕೇಳಿದಾಗ ಅವನು ಯಾವುದಕ್ಕೆ ಒಪ್ಪಿದ್ದ?

"ಅಲ್ಲಿಗೆ ನಡಿ," ಎಂದಳು.

ಬರ್ನಿಸ್‌ಳ ಊಟದ ಮನೆಯಲ್ಲಿ ಮಧ್ಯಾಹ್ನದ ಗಿರಾಕಿಗಳು ಕರಗಿದ್ದರು. ಗೋಡೆಯ ತುಂಬ ಬಾಗಿಲುಗಳು: ಹಾಲಿನವನದು, ಬಾವಿ ತೋಡುವವನದು, ಬೇಕರಿಯದು. ಕಿಟಕಿಯ ಪಕ್ಕದ ಮೇಜಿನ ಮೇಲುಗಡೆ, ಕೆಚಪ್ ಬಾಟಲಿಗಿಂತ ಒಂದು ಮೊಳ ಎತ್ತರದಲ್ಲಿ, ಅಮ್ಮನ ಹೆಸರು. ಅದರ ಕೆಳಗೆ ಗಂಡ ಹೆಂಡತಿ ಇಬ್ಬರು ಹಣ್ಣಿನ ಪೈ ತಿನ್ನುತ್ತಿದ್ದರು.

ಬರ್ನಿಸ್ ಒಳ್ಳೆಯ ಹೆಂಗಸು. ಮುಖ ನೋಡಿಯೇ ವಿಷಯ ಊಹಿಸಿದಳು. ನೇವಾ ಮಾತು ಹುಡುಕಿ ಮುಗಿಸುವವರೆಗೂ ತಾಳ್ಮೆಯಿಂದ ಕಾದು, ಕೈ ಒರೆಸಿಕೊಂಡಳು.

"ನೋಡು ಕಂದ, ನನ್ನ ಗಂಡನ ಇಂಜಿನ್ ಈಗ ಹೊರಗೆ ಗುರುಗುಡ್ತಾ ಇದೆಯಲ್ಲ, ಕೇಳಿದ ತಕ್ಷಣ ನನಗೆ ಗೊತ್ತಾಯ್ತು. ಆದ್ರೆ ವಾಪಸ್ ಕೊಡಿ ಅಂತ ನಾನು ಕೇಳಲ್ಲ. ನಿಮ್ಮಪ್ಪನೂ ನಾನೂ ಕೈ ಕುಲುಕಿದೀವಿ." ಆಮೇಲೆ ವರ್ಲಿನ್‌ನ ಕಡೆ ತಿರುಗಿ, "ಮಗಳಿಗೆ ಹೇಳಿದೀನಿ ಅಂದಿದ್ದೆ ನೀನು," ಎಂದಳು.

ವರ್ಲಿನ್ ಟೋಪಿ ಕಣ್ಣಿನ ಮೇಲಕ್ಕೆ ಎಳೆದುಕೊಂಡ.

ನೇವಾ ಪೈ ತಿನ್ನುತ್ತಿದ್ದವರ ಕ್ಷಮೆ ಕೇಳಿ, ಅವರ ತಲೆಗಳ ನಡುವೆ ಕೈ ಚಾಚಿ, ಕೊನೆಯ ಅಕ್ಷರದ ಬಾಲದ ಮೇಲೆ ಹೆಬ್ಬೆರಳಿಟ್ಟಳು. ಗುಂಡಿ ಅಲ್ಲೇ ಇತ್ತು. ಈಗಿನ ಬೆರಳು ಅದರಲ್ಲಿ ಹಿಡಿಸಲಿಲ್ಲ.

"ಫೋಟೋ ತೆಗೀಬೇಕಾ ನಿಮ್ದು?" ಎಂದು ಪೈ ತಿನ್ನುತ್ತಿದ್ದ ಹೆಂಗಸು ಪ್ರೀತಿಯಿಂದ ಕೇಳಿದಳು.

"ಬೇಡ," ಎಂದಳು ನೇವಾ.

ಮನೆಗೆ ವಾಪಸಾದಾಗ ಕುರ್ಚಿಗಳು ಹಾಗೇ ಇದ್ದವು, ಜನ ಎದ್ದು ನಿಂತರು. ಎಷ್ಟು ಹೊತ್ತು ಹೋಗಿದ್ದೀರಿ, ಲಾಸ್ ಏಂಜಲೀಸಿಗೆ ಹೋಗಿ ಬಂದಿರಾ ಎಂದು ಯಾರೋ ನಗಾಡಿದರು. ನೇವಾ ಇಳಿದು ನೇರವಾಗಿ ಕೆಂಡದ ಬಳಿ ಹೋದಳು.

"ಚೆನ್ನಾಗಿ ಬರ್ದಿದೀರ, ಗಿಲ್ ಮಾಮ."

ಗಿಲ್‌ನ ಕೈಯಲ್ಲಿದ್ದ ಇಕ್ಕಳ ನಿಂತಿತು. "ನಾನು ಬೇಡ ಅಂದೆ ಕಣಮ್ಮ. ನಿಮ್ಮಪ್ಪ ಅತ್ತುಬಿಟ್ಟ. ಗಾಡಿ ನಿಂತುಹೋದ್ರೆ ಮಗಳೂ ಹೊರಟುಹೋಗ್ತಾಳೆ, ಮನೇಲಿ ಅವಳನ್ನ ಹಿಡಿದಿಡೋಕೆ ಇನ್ನೇನಿದೆ ನನ್ನ ಹತ್ರ ಅಂದ. ನಾನೇನು ಮಾಡ್ಲಿ?"

"ನನ್ನನ್ನ ಒಂದು ಮಾತು ಕೇಳಬಹುದಿತ್ತು," ಎಂದಳು ನೇವಾ. "ಅಪ್ಪನೂ ಕೇಳಬಹುದಿತ್ತು. ಕೊಡು ಅಂತಾನೇ ನಾನು ಅಂತಿದ್ದೆನೇನೋ."

ಹಾಗೆ ಹೇಳಿದ ಮೇಲೆಯೇ ಅದು ನಿಜವೆಂದು ಅವಳಿಗೆ ಹೊಳೆಯಿತು. ಅವಳು ಕೊಡುತ್ತಿದ್ದಳು, ಅಳುತ್ತಲಾದರೂ. ಕೊಡುವ ಆ ಅವಕಾಶವನ್ನೂ ಅವರು ಅವಳಿಗೆ ಬಿಟ್ಟಿರಲಿಲ್ಲ.

ಗ್ಯಾರೇಜಿನೊಳಗಿಂದ ಉಪ್ಪುಕಾಗದ ಸುತ್ತಿದ ಮರದ ತುಂಡು ತಂದಳು. ಕೈಗವಸು ಹಾಕಿಕೊಂಡಳು. ಎಲ್ಲರೂ ನೋಡುತ್ತಿದ್ದಂತೆಯೇ ಬಲಗಡೆಯ ಬಾಗಿಲ ಮುಂದೆ ಮೊಣಕಾಲೂರಿ ಉಜ್ಜತೊಡಗಿದಳು. ಮೊದಲು ವಾರ್ನಿಷ್ಷು ಹಿಟ್ಟಾಗಿ ಉದುರಿತು, ಆಮೇಲೆ ಹಸಿರು.

"ಏಯ್, ಏಯ್! ನಾಳೆ ಮೇಳ ಇದೆ ಕಣಮ್ಮ!" ಎಂದ ಆ ಮುದುಕ ಗಾಬರಿಯಿಂದ. "ಅಸಲಿ ಅಕ್ಷರ ಅದು!"

ನೇವಾ ಉಜ್ಜುತ್ತಲೇ ಇದ್ದಳು. ವರ್ಲಿನ್ ಗೋಡೆಗೆ ಒರಗಿ ನಿಂತು ನೋಡುತ್ತಿದ್ದ. ಜನ ಒಬ್ಬೊಬ್ಬರಾಗಿ ಕುರ್ಚಿ ಮಡಿಚಿಕೊಂಡು ಹೊರಟರು. ಗಿಲ್ ಕೆಂಡಕ್ಕೆ ನೀರು ಹಾಕಿ ಹೋದ. ಬಿಸಿಲು ಇಳಿಯುವ ಹೊತ್ತಿಗೆ ಬಾಗಿಲಿನ ಹೊಟ್ಟೆ ಬೆಳ್ಳಗೆ, ಬರಿ ತಗಡಾಗಿ, ತಣ್ಣಗೆ ಹೊಳೆಯುತ್ತಿತ್ತು.

ಅಪ್ಪ ಪ್ರೈಮರ್ ಡಬ್ಬಿ ಹಿಡಿದುಕೊಂಡು ಬಂದ. "ಸರಿ, ಆಯ್ತಲ್ಲ. ಇದನ್ನಾದ್ರೂ ಹೊಡಿ. ಹೊರಗೆ ಮಂಜು ಏಳ್ತಾ ಇದೆ."

"ಬೇಡ."

"ಬರಿ ತಗಡು ಬಿಟ್ಟು ಹೋಗ್ತಾರೇನೇ?"

"ನಾನು ಹೋಗ್ತೀನಿ," ಎಂದಳು ನೇವಾ. "ನೀನು ಹೊಡೀಬೇಡ. ಈ ಸಲನಾದ್ರೂ ಬಾಗಿಲು ಮುಟ್ಟಬೇಡ ಅಂದ್ರೆ ಮುಟ್ಟಬೇಡ."

ಅವನು ಡಬ್ಬಿ ಹಿಡಿದುಕೊಂಡು ಅಲ್ಲೇ ನಿಂತ. ಅವಳು ಒಳಗೆ ಹೋಗಿ ಸ್ನಾನ ಮಾಡಿ ಮಲಗಿದಳು. ಊಟಕ್ಕೆ ಯಾರೂ ಯಾರನ್ನೂ ಕರೆಯಲಿಲ್ಲ.

ಬೆಳಗ್ಗೆ ಕಣಿವೆಯ ಮಂಜು ಗ್ಯಾರೇಜಿನ ಹೊಸ್ತಿಲವರೆಗೂ ಬಂದಿತ್ತು. ಹೊರಗೇ ನಿಂತಿದ್ದ ಪಿಕಪ್ಪಿನ ಮೈಯೆಲ್ಲ ಹನಿ. ನೇವಾ ಬಟ್ಟೆ ತುಂಬಿದ ಚೀಲ ಹಿಡಿದು ತನ್ನ ಸಣ್ಣ ಕಾರಿನ ಕಡೆ ಹೋಗುವಾಗ ಬಲಗಡೆಯ ಬಾಗಿಲನ್ನು ದಾಟಿಯೇ ಹೋಗಬೇಕಿತ್ತು. ಬರಿ ತಗಡಿನ ಮೇಲೆ ಕಿತ್ತಳೆ ಬಣ್ಣದ ತುಕ್ಕು ಹೊಗೆಯ ಹಾಗೆ ತೆಳ್ಳಗೆ ಹರಡಿತ್ತು. ಆದರೆ ಕೊನೆಯ ಅಕ್ಷರವಿದ್ದ ಜಾಗದಲ್ಲಿ ಅದು ದಟ್ಟವಾಗಿತ್ತು. ಬರಿಗೈಯ ಐದು ಬೆರಳು, ಒಂದು ಅಗಲವಾದ ಅಂಗೈ. ಅವಳದಕ್ಕಿಂತ ದೊಡ್ಡದು. ಒಂದೇ ಜಾಗದಲ್ಲಿ ಒತ್ತಿದ್ದಲ್ಲ, ಆಚೀಚೆ ಸವರಿ ಸವರಿ, ಏನನ್ನೋ ಹುಡುಕಿದ ಹಾಗಿತ್ತು.

ಅಡುಗೆಮನೆಯ ಕಿಟಕಿಯಲ್ಲಿ ದೀಪ ಹತ್ತಿತು. ಕಾಫಿಯ ವಾಸನೆ ಬಂತು. ಎರಡು ಲೋಟ ಮೇಜಿನ ಮೇಲಿಟ್ಟ ಸದ್ದೂ ಕೇಳಿಸಿತು.

ನೇವಾ ಆ ಗುರುತನ್ನು ಒರೆಸಲಿಲ್ಲ. ಅದರ ಮೇಲೆ ತನ್ನ ಕೈಯನ್ನೂ ಇಡಲಿಲ್ಲ. ಚೀಲವನ್ನು ಕಾರಿನ ಹಿಂದಿನ ಸೀಟಿಗೆ ಹಾಕಿ, ಗಾಜಿನ ಮೇಲಿನ ಮಂಜನ್ನು ತೋಳಿನಿಂದ ಉಜ್ಜಿ, ಹೊರಟಳು.